ನೂರು ದಿನದ ಅರಸ, ನೂರು ದಿನದ ಆಳು

ಕಾಗದಕ್ಕೆ ಬೆಂಕಿ ಬಿದ್ದರೆ ಬೂದಿ. ಹಸಿ ಮಣ್ಣಿಗೆ ಬೆಂಕಿ ಬಿದ್ದರೆ ಇಟ್ಟಿಗೆ. ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡಿದ ಯಾರನ್ನು ಬೇಕಾದರೂ ಕೇಳಿ, ಇಷ್ಟು ಹೇಳುತ್ತಾರೆ. ಕ್ರಿ.ಪೂ. ೬೧೨ರಲ್ಲಿ ಬ್ಯಾಬಿಲೋನಿನವರೂ ಮೀಡರೂ ಸೇರಿಕೊಂಡು ಅಸ್ಸೀರಿಯಾದ ರಾಜಧಾನಿ ನಿನೆವೆಯನ್ನು ಸುಟ್ಟರು. ಅರಮನೆ ಉರಿದು ಬಿತ್ತು. ಅರಮನೆಯ ಒಳಗಿದ್ದ ಮಣ್ಣಿನ ಫಲಕಗಳಲ್ಲಿ ಎಷ್ಟೋ ಆ ಬೆಂಕಿಯಲ್ಲೇ ಬೆಂದು ಗಟ್ಟಿಯಾದವು. ಸುಡಲು ಬಂದವರು ತಮಗೇ ಗೊತ್ತಿಲ್ಲದೆ ಉಳಿಸಿ ಹೋದರು.

ನಿನೆವೆ ಇದ್ದದ್ದು ಟೈಗ್ರಿಸ್ ನದಿಯ ದಂಡೆಯಲ್ಲಿ, ಇವತ್ತಿನ ಇರಾಕಿನ ಮೋಸುಲ್ ಪಟ್ಟಣದ ಎದುರಿಗೆ. ೧೮೪೯ರಿಂದ ಲೇಯರ್ಡ್ ಎಂಬ ಇಂಗ್ಲಿಷಿನವನೂ, ೧೮೫೩ರಲ್ಲಿ ಮೋಸುಲಿನಲ್ಲೇ ಹುಟ್ಟಿದ ಹೊರ್ಮುಜ್ದ್ ರಸ್ಸಾಮನೂ ಅಲ್ಲಿ ಅಗೆಸಿದಾಗ ಅರಸ ಅಶ್ಶೂರ್‌ಬಾನಿಪಾಲನ ಗ್ರಂಥಭಂಡಾರ ಹೊರಬಿತ್ತು. ತುಂಡುಗಳೂ ಸೇರಿ ಸುಮಾರು ೩೦,೦೦೦ ಫಲಕಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಹೆಸರು ಹೆಚ್ಚಾಗಿ ಲೇಯರ್ಡನಿಗೆ ಹೋಯಿತು, ರಸ್ಸಾಮನಿಗೆ ಕಡಿಮೆ ಬಂತು. ಗುದ್ದಲಿ ಹಿಡಿದು ಅಗೆದ ಕೂಲಿಗಳಿಗಂತೂ ಏನೂ ಬರಲಿಲ್ಲ.

ನಾವು ಇತಿಹಾಸದ ಪಂಡಿತರಲ್ಲ. ನಮ್ಮ ನಮ್ಮ ಮನೆಗೆ ಮೊದಲ ಬಾರಿಗೆ ಅಕ್ಷರ ತಂದವರು ಅಷ್ಟೆ. ಹಾಗಾಗಿ ಎಷ್ಟೇ ದೂರದ, ಎಷ್ಟೇ ಹಳೆಯ ಬರಹ ಸಿಕ್ಕಿದರೂ ನಮಗೆ ಮೊದಲು ಬರುವ ಪ್ರಶ್ನೆ ಇದು: ಬರೆದವರು ಯಾರು? ಯಾರಿಗಾಗಿ ಬರೆದರು? ಅದರಲ್ಲಿ ಬಾಯಿಲ್ಲದವರು ಯಾರು? ಅಸ್ಸೀರಿಯಾದ ವೈದ್ಯವನ್ನೂ ಶಕುನಶಾಸ್ತ್ರವನ್ನೂ ಇದೇ ಪ್ರಶ್ನೆ ಇಟ್ಟುಕೊಂಡು ನೋಡೋಣ ಬನ್ನಿ.

*

ಮೊದಲು ಒಂದು ಮಾತು. ಹಳೆಯ ಕಾಲದವರನ್ನು ಮೂಢರು ಅಂತ ನಕ್ಕುಬಿಡುವುದು ಬಹಳ ಸುಲಭ. ನಾವು ಹಾಗೆ ನಗುವುದಿಲ್ಲ.

ಅಲ್ಲಿ ರೋಗಿಯ ಹತ್ತಿರ ಬರುತ್ತಿದ್ದವರು ಮುಖ್ಯವಾಗಿ ಇಬ್ಬರು. ಒಬ್ಬ ‘ಅಸೂ’: ಸೊಪ್ಪು, ಬೇರು, ಎಣ್ಣೆ, ಲೇಪ, ಕಟ್ಟು ಇವೆಲ್ಲ ಬಲ್ಲವನು. ಇನ್ನೊಬ್ಬ ‘ಆಶಿಪು’: ಮಂತ್ರ ಹಾಕುವವನು, ಯಾವ ದೇವರ ಸಿಟ್ಟು, ಯಾವ ದೆವ್ವದ ಕಾಟ ಅಂತ ಪತ್ತೆ ಮಾಡುವವನು. ಒಬ್ಬ ಡಾಕ್ಟರು, ಒಬ್ಬ ಮಂತ್ರವಾದಿ ಅಂತ ಗೆರೆ ಎಳೆದರೆ ತಪ್ಪಾಗುತ್ತದೆ. ಮಂತ್ರವಾದಿ ಔಷಧಿ ಅರೆಯುತ್ತಿದ್ದ, ವೈದ್ಯ ಮಂತ್ರ ಹೇಳುತ್ತಿದ್ದ. ಅಶ್ಶೂರ್ ಪಟ್ಟಣದಲ್ಲಿ ಕಿಸಿರ್-ಅಶ್ಶೂರ್ ಎಂಬ ಆಶಿಪುವಿನ ಮನೆಯನ್ನೇ ಜರ್ಮನಿಯವರು ೨೦ನೆಯ ಶತಮಾನದ ಆರಂಭದಲ್ಲಿ ಅಗೆದು ತೆಗೆದಿದ್ದಾರೆ. ಆ ಮನೆಯ ನೂರಾರು ಫಲಕಗಳಲ್ಲಿ ಮಂತ್ರವೂ ಇದೆ, ಔಷಧಿಯ ಲೆಕ್ಕವೂ ಇದೆ.

ಇವರ ದೊಡ್ಡ ಗ್ರಂಥ ‘ಸಕಿಕ್ಕು’. ೪೦ ಫಲಕಗಳದ್ದು. ಕ್ರಿ.ಪೂ. ೧೧ನೆಯ ಶತಮಾನದಲ್ಲಿ ಬ್ಯಾಬಿಲೋನಿನ ಎಸಗಿಲ್-ಕಿನ್-ಅಪ್ಲಿ ಎಂಬ ವಿದ್ವಾಂಸ ಇದನ್ನು ಒಪ್ಪವಾಗಿ ಜೋಡಿಸಿದನೆಂದು ಆ ಪರಂಪರೆ ಹೇಳುತ್ತದೆ. ಅಸ್ಸೀರಿಯಾದವರು ಅದನ್ನು ಎರವಲು ತಂದು ಕಲಿತರು. ಅದರ ಮೊದಲ ಭಾಗ ಶುರುವಾಗುವುದು ರೋಗಿಯ ಮನೆಯಲ್ಲಿ ಅಲ್ಲ, ಮನೆಗೆ ಹೋಗುವ ದಾರಿಯಲ್ಲಿ. ದಾರಿಯಲ್ಲಿ ಕರಿ ನಾಯಿಯೋ ಕರಿ ಹಂದಿಯೋ ಎದುರಾದರೆ ಆ ರೋಗಿ ಉಳಿಯುವುದಿಲ್ಲ ಅಂತ ಲೆಕ್ಕ. ಇದನ್ನು ಓದಿ ಪುಸ್ತಕ ಮುಚ್ಚಿಬಿಟ್ಟರೆ ನಾವು ಮೋಸ ಹೋಗುತ್ತೇವೆ. ಯಾಕೆಂದರೆ ಮೂರನೆಯ ಫಲಕದಿಂದ ಆ ಆಶಿಪು ರೋಗಿಯ ಮುಂದೆ ಕೂರುತ್ತಾನೆ. ತಲೆಯಿಂದ ಹಿಡಿದು ಪಾದದವರೆಗೆ ಒಂದೊಂದೇ ಅಂಗ ನೋಡುತ್ತಾನೆ. ಹಣೆ ಬಿಸಿಯೋ ತಣ್ಣಗೋ, ಕಣ್ಣಿನ ಬಣ್ಣ ಏನು, ಬೆವರು ಎಲ್ಲಿ ಬಂತು, ಎಷ್ಟು ದಿನದಿಂದ ಜ್ವರ, ಮುಖದ ಒಂದು ಕಡೆ ಬಿದ್ದುಹೋಗಿದೆಯೋ ಹೇಗೆ, ಎಲ್ಲಕ್ಕೂ ಸಾಲು ಇದೆ. ಮೂರ್ಛೆರೋಗಕ್ಕೇ ಒಂದು ಪ್ರತ್ಯೇಕ ಭಾಗ ಇದೆ. ಪ್ರತಿ ಸಾಲೂ ‘ಹೀಗಿದ್ದರೆ ಹೀಗೆ’ ಎಂಬ ಒಂದೇ ಅಚ್ಚಿನದು.

ಕಾರಣ ಹೇಳುವಾಗ ಮಾತ್ರ ಅವರು ಆಕಾಶ ನೋಡುತ್ತಾರೆ. ಇದು ಇಷ್ಟಾರ್ ದೇವಿಯ ಕೈ, ಇದು ಸತ್ತವನ ಪ್ರೇತದ ಕೈ, ಹೀಗೆ. ಕಿವಿ ಗುಂಯ್ ಅಂದರೆ ಪ್ರೇತದ ಕೆಲಸ. ನಮ್ಮ ಕಡೆ ‘ಗಾಳಿ ಸೋಕಿದೆ’ ಅನ್ನುತ್ತಾರಲ್ಲ, ಆ ಥರ. ಆದರೆ ಕೈ ಯಾರದ್ದೇ ಇರಲಿ, ಕಿವಿಗೆ ಎಣ್ಣೆಯಲ್ಲಿ ಅದ್ದಿದ ಬತ್ತಿ ಇಡುತ್ತಿದ್ದರು. ಕಣ್ಣಾರೆ ಕಂಡದ್ದನ್ನು ಬರೆದಿಟ್ಟ ಜ್ಞಾನವೂ ಕಾಣದ್ದಕ್ಕೆ ಹೆದರಿದ ಭಯವೂ ಒಂದೇ ಫಲಕದ ಮೇಲೆ ಹೆಣೆದುಕೊಂಡಿವೆ. ಒಂದನ್ನು ಕಿತ್ತರೆ ಇನ್ನೊಂದೂ ಕಿತ್ತು ಬರುತ್ತದೆ.

ಭಯ ಎಲ್ಲರಿಗೂ ಇತ್ತು, ಅರಸನಿಗೂ ಇತ್ತು. ಅಶ್ಶೂರ್‌ಬಾನಿಪಾಲನ ಅರಮನೆಯಲ್ಲಿ ಮಣ್ಣಿನ ಐದು ಪುಟ್ಟ ನಾಯಿಗಳು ಸಿಕ್ಕಿವೆ. ಕೆಟ್ಟದ್ದು ಒಳಗೆ ಬರದ ಹಾಗೆ ಕಾಯಲಿ ಅಂತ ಹೂತಿಟ್ಟವು. ಒಂದೊಂದಕ್ಕೂ ಹೆಸರು. ಒಂದರ ಹೆಸರಿನ ಅರ್ಥ ಕೇಳಿ: ಯೋಚನೆ ಮಾಡ್ತಾ ನಿಲ್ಲಬೇಡ, ಕಚ್ಚು! ಅರಮನೆ ತನ್ನ ಕಾವಲಿಗೆ ಎಂಥ ನಾಯಿ ಬೇಕು ಅಂತ ಬಯಸುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

*

ಅಶ್ಶೂರ್‌ಬಾನಿಪಾಲನ ಅಪ್ಪ ಎಸರ್‌ಹದ್ದೋನ್. ಆಳಿದ್ದು ಕ್ರಿ.ಪೂ. ೬೮೧ರಿಂದ ೬೬೯ರವರೆಗೆ. ಈಜಿಪ್ಟನ್ನೂ ಗೆದ್ದವನು. ಆದರೆ ಕಾಯಿಲೆಯ ಮನುಷ್ಯ. ಜ್ವರ, ನಿಶ್ಶಕ್ತಿ, ಮೈಮೇಲೆ ಗುಳ್ಳೆ. ಅವನ ಕಾಲದ ವೈದ್ಯರೂ ಪಂಡಿತರೂ ಅರಮನೆಗೆ ಬರೆದ ಕಾಗದಗಳೇ (ಮಣ್ಣಿನ ಕಾಗದಗಳು) ನೂರಾರು ಸಿಕ್ಕಿವೆ. ನನ್ನ ರೋಗ ಇಂಥದ್ದು ಅಂತ ಯಾಕೆ ಕಂಡುಹಿಡಿಯಲ್ಲ ನೀವು ಎಂದು ಅರಸ ಗದರಿದ್ದಾನೆ. ಮುಖ್ಯ ವೈದ್ಯ ಉರದ್-ನನಾಯ ನಡುಗುತ್ತಾ ಉತ್ತರ ಬರೆದಿದ್ದಾನೆ.

ಆದರೆ ಇದೇ ಉರದ್-ನನಾಯನ ಇನ್ನೊಂದು ಕಾಗದ ಓದಿದರೆ ಅವನ ಮೇಲೆ ಗೌರವ ಬರುತ್ತದೆ. ಅರಮನೆಯಲ್ಲಿ ಒಬ್ಬರಿಗೆ ಮೂಗಿನಿಂದ ರಕ್ತ ಸುರಿಯುತ್ತಿದೆ. ಅಲ್ಲಿದ್ದವರು ಮೂಗಿನ ಹೊರಗಿನ ಮೆದುಭಾಗಕ್ಕೆ ಬಟ್ಟೆ ಒತ್ತಿದ್ದಾರೆ. ಉರದ್-ನನಾಯ ಬರೆಯುತ್ತಾನೆ: ಅದು ತಪ್ಪು, ಮೂಗಿನ ಹೊಳ್ಳೆಯ ಬಾಯಿಗೇ ಇಡಬೇಕು, ಆಗ ಉಸಿರು ತಡೆಯುತ್ತದೆ, ರಕ್ತ ನಿಲ್ಲುತ್ತದೆ. ಇದರಲ್ಲಿ ಯಾವ ದೇವರೂ ಇಲ್ಲ, ಯಾವ ದೆವ್ವವೂ ಇಲ್ಲ. ಎಷ್ಟೋ ಮೂಗುಗಳನ್ನು ನೋಡಿದ ಕೈಯ ಅನುಭವ ಇದೆ.

ಸರಿ. ಇಂಥ ಕೈ ಯಾರ ಮೂಗಿಗೆ ಸಿಗುತ್ತಿತ್ತು?

ಅದಕ್ಕೆ ಉತ್ತರ ವೈದ್ಯಗ್ರಂಥದಲ್ಲಿ ಇಲ್ಲ, ಕಾನೂನಿನಲ್ಲೂ ವ್ಯಾಪಾರದ ಪತ್ರದಲ್ಲೂ ಇದೆ. ಕ್ರಿ.ಪೂ. ೧೮ನೆಯ ಶತಮಾನದ ಬ್ಯಾಬಿಲೋನಿನ ಅರಸ ಹಮ್ಮುರಾಬಿಯ ಕಟ್ಟಳೆಗಳು ನಿಮಗೆ ಗೊತ್ತು. ಸಾವಿರ ವರ್ಷ ಕಳೆದ ಮೇಲೂ ಅದರ ಪ್ರತಿಗಳು ನಿನೆವೆಯ ಭಂಡಾರದಲ್ಲಿದ್ದವು. ಅದರಲ್ಲಿ ವೈದ್ಯನ ಫೀಸು ಹೀಗಿದೆ: ಕತ್ತಿ ಹಾಕಿ ಕುಲವಂತನ ಜೀವ ಉಳಿಸಿದರೆ ೧೦ ಶೆಕೆಲ್ ಬೆಳ್ಳಿ, ಅವನಿಗಿಂತ ಕೆಳಗಿನವನಾದರೆ ೫, ಗುಲಾಮನಾದರೆ ೨. ಆ ೨ನ್ನೂ ಒಡೆಯ ಕೊಡಬೇಕು. ಶಸ್ತ್ರಚಿಕಿತ್ಸೆ ಕೆಟ್ಟು ಕುಲವಂತ ಸತ್ತರೆ ವೈದ್ಯನ ಕೈ ಕಡಿಯಬೇಕು. ಗುಲಾಮ ಸತ್ತರೆ? ಗುಲಾಮನಿಗೆ ಬದಲು ಇನ್ನೊಬ್ಬ ಗುಲಾಮನನ್ನು ಒಡೆಯನಿಗೆ ತಂದುಕೊಟ್ಟರೆ ಮುಗಿಯಿತು. ಗಾಯ ಒಂದೇ, ಕತ್ತಿ ಒಂದೇ. ಬೆಲೆ ಮಾತ್ರ ಮೂರು.

ಅಸ್ಸೀರಿಯಾದ್ದೇ ಬೇಕೇ? ಕ್ರಿ.ಪೂ. ೭ನೆಯ ಶತಮಾನದ ನಿನೆವೆಯ ಗುಲಾಮರ ಕ್ರಯಪತ್ರಗಳಿವೆ. ಅವುಗಳಲ್ಲಿ ಒಂದು ಷರತ್ತು ಮತ್ತೆ ಮತ್ತೆ ಬರುತ್ತದೆ. ಕೊಂಡ ಆಳಿಗೆ ೧೦೦ ದಿನದ ಒಳಗೆ ಮೂರ್ಛೆರೋಗ ಕಾಣಿಸಿದರೆ ಮಾರಿದವನು ಜವಾಬ್ದಾರ. ದನದ ಸಂತೆಯಲ್ಲಿ ಹಲ್ಲು ಹಿಡಿದು ನೋಡಿ ಮಾತು ಪಡೆಯುತ್ತಾರಲ್ಲ, ಹಾಗೆ. ಸಕಿಕ್ಕುವಿನಲ್ಲಿ ವಿದ್ವಾಂಸರು ಅಷ್ಟು ಶ್ರದ್ಧೆಯಿಂದ ಒಂದು ಭಾಗವನ್ನೇ ಬರೆದಿಟ್ಟ ಆ ಮೂರ್ಛೆರೋಗ, ಗುಲಾಮನ ಮೈಗೆ ಬಂದಾಗ ರೋಗ ಅಲ್ಲವೇ ಅಲ್ಲ. ಅದು ಸರಕಿನಲ್ಲಿರುವ ಐಬು. ಆ ೧೦೦ ದಿನ ಅವನು ಹೇಗೆ ಮಲಗಿದನೋ, ಕೈ ನಡುಗಿದಾಗ ಯಾರಿಗೂ ಕಾಣದಂತೆ ಹೇಗೆ ಮುಚ್ಚಿಟ್ಟನೋ, ಅದನ್ನು ಯಾವ ಫಲಕದಲ್ಲೂ ಯಾರೂ ಕೆತ್ತಲಿಲ್ಲ.

ಇನ್ನೊಂದು ಸಂಗತಿ ನಮ್ಮನ್ನು ಬಿಡದೆ ಕಾಡುತ್ತದೆ. ಯೂಫ್ರಟಿಸ್ ನದಿಯ ಮೇಲಿನ ಮಾರಿ ಎಂಬ ಪಟ್ಟಣದ್ದು, ಅದೂ ಕ್ರಿ.ಪೂ. ೧೮ನೆಯ ಶತಮಾನದ್ದು. ಅರಸ ಜಿಮ್ರಿ-ಲಿಮ್ ತನ್ನ ರಾಣಿ ಶಿಬ್ತುವಿಗೆ ಬರೆಯುತ್ತಾನೆ. ಅರಮನೆಯ ಒಬ್ಬ ಹೆಂಗಸಿಗೆ ಅಂಟುರೋಗ ಬಂದಿದೆ; ಅವಳು ಕುಡಿದ ಲೋಟದಲ್ಲಿ ಯಾರೂ ಕುಡಿಯಬಾರದು, ಅವಳು ಕೂತ ಕಡೆ ಕೂರಬಾರದು, ಅವಳ ಹಾಸಿಗೆಯಲ್ಲಿ ಮಲಗಬಾರದು. ರೋಗ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ ಅಂತ ಇಷ್ಟು ಹಿಂದೆಯೇ ಗೊತ್ತಿತ್ತು ಎಂದು ವಿದ್ವಾಂಸರು ಮೆಚ್ಚುತ್ತಾರೆ. ನಾವೂ ಮೆಚ್ಚುತ್ತೇವೆ. ಆದರೆ ‘ಬೇರೆ ಲೋಟ’ ಅಂದ ಕೂಡಲೇ ನಮಗೆ ನೆನಪಾಗುವುದು ಬೇರೆ. ಅಲ್ಲಿ ಲೋಟ ಬೇರೆಯಾದದ್ದು ರೋಗ ಇದ್ದದ್ದಕ್ಕೆ. ಯಾವ ರೋಗವೂ ಇಲ್ಲದ ನಮ್ಮಪ್ಪನಿಗೆ ಹೋಟೆಲಿನ ಹೊರಗೆ ಬೇರೆ ಲೋಟ ಇಟ್ಟಿದ್ದರು. ನಮ್ಮವ್ವನ ನಾಡಿ ಹಿಡಿಯದೆ ಮಾರು ದೂರದಿಂದಲೇ ಚೀಟಿ ಬರೆದು ಎಸೆದ ಡಾಕ್ಟರನ್ನೂ ನಾವು ಕಂಡಿದ್ದೇವೆ. ಸಕಿಕ್ಕು ಓದಿದ ಆಶಿಪು ಕನಿಷ್ಠ ಹಣೆ ಮುಟ್ಟಿ ನೋಡುತ್ತಿದ್ದ.

*

ಈಗ ಶಕುನದ ಮಾತಿಗೆ ಬರೋಣ.

ಹಲ್ಲಿ ಬಿದ್ದರೆ ಏನು, ಹಾವು ಅಡ್ಡ ಬಂದರೆ ಏನು, ಮನೆಯಲ್ಲಿ ಇರುವೆ ಎದ್ದರೆ ಏನು, ಇವನ್ನೆಲ್ಲ ಸೇರಿಸಿದ ‘ಶುಮ್ಮ ಆಲು’ ಎಂಬ ಗ್ರಂಥ ನೂರಕ್ಕೂ ಹೆಚ್ಚು ಫಲಕಗಳದ್ದು. ಪಂಚಾಂಗದ ಹಲ್ಲಿಶಕುನ ನೋಡಿ ಬೆಳೆದ ನಮ್ಮ ಜನಕ್ಕೆ ಇದು ಹೊಸದೇನಲ್ಲ. ಅಂಗವಿಕಲವಾಗಿ ಹುಟ್ಟಿದ ಕೂಸುಗಳನ್ನೂ ಕರುಗಳನ್ನೂ ಸೇರಿಸಿ ‘ಶುಮ್ಮ ಇಜ್ಬು’ ಎಂಬ ಇನ್ನೊಂದು ಗ್ರಂಥ. ತಾಯಿಯ ಸಂಕಟ ಅದರಲ್ಲಿಲ್ಲ. ಈ ಕೂಸಿನಿಂದ ಮನೆಗೆ ಏನು, ದೇಶಕ್ಕೆ ಏನು, ಅರಸನಿಗೆ ಏನು ಎಂಬುದು ಇದೆ.

ಎಲ್ಲಕ್ಕಿಂತ ದೊಡ್ಡ ಶಾಸ್ತ್ರ ಕುರಿಯ ಈಲಿಯದ್ದು. ಇದನ್ನು ಓದುವವನಿಗೆ ‘ಬಾರೂ’ ಅಂತ ಹೆಸರು. ಪ್ರಶ್ನೆಯನ್ನು ಸೂರ್ಯದೇವ ಶಮಾಶನ ಮುಂದಿಟ್ಟು, ಕುರಿ ಕೊಯ್ದು, ಈಲಿ ತೆಗೆದು ಗೆರೆ, ಗುಳಿ, ಮಚ್ಚೆ ನೋಡುತ್ತಾನೆ. ಈಲಿಯ ಭಾಗಗಳಿಗೆ ಹೆಸರುಗಳಿವೆ: ಒಂದು ‘ದಾರಿ’, ಒಂದು ‘ಬೆರಳು’, ಒಂದು ‘ಅರಮನೆಯ ಬಾಗಿಲು’. ಕುರಿಯ ಹೊಟ್ಟೆಯೊಳಗೂ ಅರಮನೆ ಕಟ್ಟಿಬಿಟ್ಟಿದ್ದರು ನೋಡಿ. ಒಂದು ಹಳೆಯ ಪ್ರಾರ್ಥನೆಯಲ್ಲಿ ವಿಧವೆ ಅಗ್ಗದ ಹಿಟ್ಟನ್ನೂ ಬಡವಿ ಎಣ್ಣೆಯನ್ನೂ ಸಿರಿವಂತ ಕುರಿಮರಿಯನ್ನೂ ತರುತ್ತಾರೆಂದು ಹೇಳಿದೆ. ದೇವರ ಮುಂದೆಯೂ ಸಾಲು ಬೇರೆ ಬೇರೆ.

ಎಸರ್‌ಹದ್ದೋನ್ ಈ ಈಲಿಗೆ ಏನೇನು ಕೇಳಿಸಿದ ಗೊತ್ತೇ? ಯುವರಾಜ ಈ ಔಷಧ ಕುಡಿಯಬಹುದೇ ಅಂತ ಕೇಳಿಸಿದ. ಇಂಥವನನ್ನು ಈ ಹುದ್ದೆಗೆ ಹಾಕಿದರೆ ನಿಯತ್ತಿನಿಂದ ಇರುತ್ತಾನೆಯೇ ಅಂತ ಕೇಳಿಸಿದ. ನನ್ನ ಮೇಲೆ ದಂಗೆ ಏಳುವವರು ಯಾರು ಅಂತ ಕೇಳಿಸಿದ. ಅನುಮಾನದ ಆ ಪಟ್ಟಿಯಲ್ಲಿ ದೊಡ್ಡ ಅಧಿಕಾರಿಗಳಿಂದ ಹಿಡಿದು ಕಾವಲುಗಾರರು, ಅಡಿಗೆಯವರವರೆಗೆ ಎಲ್ಲರೂ ಇದ್ದಾರೆ. ಇದು ದೈವಭಕ್ತಿಯೋ ಬೇಹುಗಾರಿಕೆಯೋ ನೀವೇ ಹೇಳಿ.

ಹಾಗಿದ್ದರೆ ದೇವರ ಮಾತು ಬಡವರ ಬಾಯಿಂದ ಬಂದರೆ? ಬಂದಿತ್ತು. ಕ್ರಿ.ಪೂ. ೬೭೧-೬೭೦ರ ಹೊತ್ತಿಗೆ ಹರ್ರಾನ್ ಪಟ್ಟಣದ ಹೊರಗೆ ಒಬ್ಬ ಗುಲಾಮ ಹುಡುಗಿಯ ಮೈಮೇಲೆ ದೇವರು ಬಂತು. ನುಸ್ಕು ದೇವರು ಹೇಳಿತು: ರಾಜ್ಯ ಸಾಸಿ ಎಂಬವನದು, ಈಗಿನ ಅರಸನ ವಂಶವನ್ನು ಅಳಿಸಿಬಿಡುತ್ತೇನೆ. ಕೂಡಲೇ ಒಬ್ಬ ನಿಷ್ಠಾವಂತ ಅರಸನಿಗೆ ಕಾಗದ ಬರೆದ. ಅವಳ ವಿಚಾರಣೆ ಆಗಬೇಕು ಅಂತ. ಎಸರ್‌ಹದ್ದೋನ್ ಅದಾಗಲೇ, ಕ್ರಿ.ಪೂ. ೬೭೨ರಲ್ಲಿ, ತನ್ನ ಅಧೀನರಿಂದ ಆಣೆ ಮಾಡಿಸಿಕೊಂಡಿದ್ದ: ಯುವರಾಜನ ವಿರುದ್ಧ ಕೆಟ್ಟ ಮಾತು ಕೇಳಿದರೆ, ದೇವರು ಮೈದುಂಬಿದವರ ಬಾಯಿಂದ ಬಂದದ್ದೇ ಆಗಲಿ, ಮುಚ್ಚಿಡಬಾರದು. ಕ್ರಿ.ಪೂ. ೬೭೦ರಲ್ಲಿ ಅರಸ ತನ್ನ ಅನೇಕ ದೊಡ್ಡ ಅಧಿಕಾರಿಗಳನ್ನು ಕತ್ತಿಗೆ ಕೊಟ್ಟ ಅಂತ ಅಲ್ಲಿನ ವರ್ಷಾವಳಿ ಹೇಳುತ್ತದೆ.

ಆ ಕಾಗದದಲ್ಲಿ ಹುಡುಗಿಯ ಹೆಸರಿಲ್ಲ. ಅವಳ ಒಡೆಯನ ಹೆಸರಿದೆ. ಬಾರೂ ಈಲಿಯಲ್ಲಿ ಕಂಡರೆ ಶಾಸ್ತ್ರ, ಆಳು ಹುಡುಗಿ ಬಾಯಿ ಬಿಟ್ಟರೆ ಅಪರಾಧ. ಭವಿಷ್ಯ ಏನು ಎಂಬುದಕ್ಕಿಂತ ಅದನ್ನು ಹೇಳುವ ಹಕ್ಕು ಯಾರದು ಎಂಬುದೇ ಅಲ್ಲಿನ ಜಗಳ.

*

ಅದೇ ಹಕ್ಕಿಗಾಗಿಯೇ ಆ ಜ್ಞಾನವನ್ನು ಮುಚ್ಚಿಟ್ಟರು. ಎಷ್ಟೋ ಫಲಕಗಳ ಕೊನೆಯಲ್ಲಿ ಒಂದು ಎಚ್ಚರಿಕೆ ಇರುತ್ತದೆ: ಬಲ್ಲವನು ಬಲ್ಲವನಿಗೆ ಮಾತ್ರ ತೋರಿಸಬೇಕು, ಅರಿಯದವನ ಕಣ್ಣಿಗೆ ಬೀಳಬಾರದು, ಬಿದ್ದರೆ ದೇವರ ಮುನಿಸು. ಕಿವಿಗೆ ಕಾದ ಸೀಸದ ಮಾತು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಶ್ಶೂರ್‌ಬಾನಿಪಾಲ್ ತಾನು ಓದುಬರಹ ಬಲ್ಲವನು, ಈಲಿಯ ಶಾಸ್ತ್ರ ಚರ್ಚಿಸಬಲ್ಲವನು ಅಂತ ಹೆಮ್ಮೆಪಟ್ಟುಕೊಂಡವನು. ಅವನ ಗ್ರಂಥಭಂಡಾರವನ್ನು ಜಗತ್ತೇ ಹೊಗಳುತ್ತದೆ. ಆದರೆ ಅದು ತುಂಬಿದ್ದು ಹೇಗೆ? ಕ್ರಿ.ಪೂ. ೬೪೮ರಲ್ಲಿ ಅವನು ಬ್ಯಾಬಿಲೋನನ್ನು ಆಳುತ್ತಿದ್ದ ತನ್ನ ಅಣ್ಣನ ದಂಗೆಯನ್ನು ಹೊಸಕಿ ಹಾಕಿದ. ಮರುವರ್ಷದ ಲೆಕ್ಕಪತ್ರಗಳಲ್ಲಿ ಸುಮಾರು ೨,೦೦೦ ಫಲಕಗಳೂ ಮೇಣದ ಹಲಗೆಗಳೂ ಭಂಡಾರಕ್ಕೆ ಬಂದದ್ದು ದಾಖಲಾಗಿದೆ. ಇನ್ನೊಂದು ದಾಖಲೆಯಲ್ಲಿ ನಿಪ್ಪೂರಿನ ಅಧಿಕಾರಿಯೊಬ್ಬನ ಮಗ ನಿನುರ್ತ-ಗಿಮಿಲ್ಲಿ ಗ್ರಂಥಮಾಲೆಯೊಂದನ್ನು ಮುಗಿಸಿದ್ದಾನೆ, ಅವನಿಗೆ ಕಬ್ಬಿಣದ ಬೇಡಿ ಹಾಕಿದೆ ಎಂದಿದೆ. ಬೇಡಿ ಹಾಕಿದ ಕಾಲು, ಅಕ್ಷರ ಕೆತ್ತುವ ಕೈ ಎರಡೂ ಒಬ್ಬನವೇ.

ಆ ಜ್ಞಾನದ ಒಡೆಯರಾದ ಪಂಡಿತರೂ ಸುಖವಾಗಿರಲಿಲ್ಲ. ಎಸರ್‌ಹದ್ದೋನನ ಆಶಿಪು ಅದದ್-ಶುಮು-ಉಸುರ್ ಎಂಬವನ ಮಗ ಉರದ್-ಗುಲ. ಹೊಸ ಅರಸನ ಕಾಲದಲ್ಲಿ ಅವನ ಕೆಲಸ ಹೋಯಿತು. ಚಪ್ಪಲಿಗೆ ದುಡ್ಡಿಲ್ಲ, ದರ್ಜಿಗೆ ಕೊಡಲು ಕೂಲಿ ಇಲ್ಲ, ಬದಲಿ ಬಟ್ಟೆ ಇಲ್ಲ, ಹತ್ತಿರ ಹತ್ತಿರ ೬ ಮಿನಾ ಬೆಳ್ಳಿ (ಸುಮಾರು ೩ ಕಿಲೋ) ಸಾಲ, ಮೇಲೆ ಬಡ್ಡಿ ಅಂತ ಅಶ್ಶೂರ್‌ಬಾನಿಪಾಲನಿಗೆ ಬರೆದುಕೊಂಡ ಅವನ ಕಾಗದ ಇವತ್ತಿಗೂ ಓದಿದರೆ ಕರುಳು ಚುರ್ ಅನ್ನುತ್ತದೆ. ವಿದ್ಯೆ ಅರಮನೆಯದ್ದಾದಾಗ ವಿದ್ವಾಂಸ ಅರಮನೆಯ ಬಾಗಿಲಿನ ನಾಯಿ. ಓದಿದ ನಾವು ಇದನ್ನು ಮರೆಯಬಾರದು.

*

ಕೊನೆಗೆ ಗ್ರಹಣ. ಚಂದ್ರನ ಮುಖವನ್ನು ಅವರು ದೇಶ ದೇಶಕ್ಕೆ ಹಂಚಿಕೊಂಡಿದ್ದರು. ಯಾವ ಭಾಗ ಕಪ್ಪಾಯಿತೋ ಆ ದೇಶದ ಅರಸನಿಗೆ ಸಾವು. ಗುರುಗ್ರಹ ಆಗ ಆಕಾಶದಲ್ಲಿ ಕಂಡರೆ ಪಾರು. ಕಾಣದಿದ್ದರೆ? ಆಗ ಒಬ್ಬ ಬದಲಿಯನ್ನು ಹಿಡಿದು ತಂದು ಸಿಂಹಾಸನದ ಮೇಲೆ ಕೂರಿಸುತ್ತಿದ್ದರು. ಅವನಿಗೆ ರಾಜನ ಉಡುಪು. ಪಕ್ಕದಲ್ಲಿ ಒಬ್ಬ ಹೆಣ್ಣನ್ನು ರಾಣಿಯಾಗಿ ಕೂರಿಸುತ್ತಿದ್ದರು. ಹೆಚ್ಚೆಂದರೆ ೧೦೦ ದಿನ. ಕೆಟ್ಟ ಶಕುನವೆಲ್ಲ ಅವನ ತಲೆಗೆ. ಆಮೇಲೆ ಅವನು ‘ತನ್ನ ವಿಧಿಗೆ ಹೋಗಬೇಕು’. ಅಂದರೆ ಸಾಯಬೇಕು. ಇಂಥ ಬದಲಿಗಳು ಸಾಮಾನ್ಯವಾಗಿ ಸೆರೆಯಾಳುಗಳು, ಶಿಕ್ಷೆಯಾದವರು, ಯಾರೂ ಕೇಳುವವರಿಲ್ಲದವರು ಎಂದು ಇತಿಹಾಸಕಾರರು ಹೇಳುತ್ತಾರೆ.

ಆ ೧೦೦ ದಿನ ನಿಜವಾದ ಅರಸ ಏನಾಗುತ್ತಿದ್ದ ಗೊತ್ತೇ? ರೈತ! ಪಂಡಿತರ ಕಾಗದಗಳಲ್ಲಿ ಅವನನ್ನು ‘ರೈತ, ನನ್ನ ಒಡೆಯ’ ಎಂದೇ ಸಂಬೋಧಿಸುತ್ತಾರೆ. ನೇಗಿಲು ಮುಟ್ಟಲಿಲ್ಲ, ಕೆಸರು ತುಳಿಯಲಿಲ್ಲ, ತೆರಿಗೆ ಕಟ್ಟಲಿಲ್ಲ. ಸಾವು ಹುಡುಕಿಕೊಂಡು ಬಂದಾಗ ಅಡಗಲಿಕ್ಕೆ ರೈತನ ಹೆಸರು ಬೇಕಾಯಿತು ಅಷ್ಟೆ. ಸಾವಿನ ದೇವರೂ ರೈತನ ಕಡೆ ತಿರುಗಿ ನೋಡುವುದಿಲ್ಲ ಎಂಬ ನಂಬಿಕೆ ಅರಸನಿಗೆ!

ಕ್ರಿ.ಪೂ. ೬೭೧ರ ಸುಮಾರಿಗೆ ಹೀಗೆ ಕೂರಿಸಿದ ಒಬ್ಬನ ಹೆಸರು ನಮಗೆ ಉಳಿದಿದೆ: ದಮ್‌ಕಿ. ಸತ್ಯ ಹೇಳಬೇಕು, ಇವನು ಬಡವನಲ್ಲ. ಅಕ್ಕಾದ್ ಪಟ್ಟಣದ ದೇವಾಲಯದ ಮುಖ್ಯಾಧಿಕಾರಿಯ ಮಗ. ಸೋತ ದೇಶದ ದೊಡ್ಡಮನೆಯವನು. ಅರಸನ ಕಡೆಯ ಮಾರ್-ಇಸ್ಸಾರ್ ವರದಿ ಬರೆಯುತ್ತಾನೆ: ದಮ್‌ಕಿಯೂ ಅವನ ರಾಣಿಯೂ ಒಂದೇ ರಾತ್ರಿ ಸತ್ತರು, ಗೋರಿ ಕಟ್ಟಿದೆವು, ಸಿಂಗರಿಸಿ ಹೂತೆವು, ಅತ್ತೆವು, ಶಕುನಗಳೆಲ್ಲ ಪರಿಹಾರವಾದವು, ಊರಿನ ಜನ ಹೆದರಿದ್ದರು, ಧೈರ್ಯ ಹೇಳಿದೆವು. ಅರಸನಿಗೆ ಬಂದ ಗ್ರಹಣಕ್ಕೆ ಮದ್ದೂ ಆಯಿತು, ಗೆದ್ದ ನಾಡಿನವರ ಎದೆಗೆ ನಡುಕವೂ ಆಯಿತು. ದಮ್‌ಕಿಗಾದರೂ ಹೆಸರಿದೆ. ಪಕ್ಕದಲ್ಲಿ ಕೂತು ಜೊತೆಯಲ್ಲೇ ಸತ್ತ ಆ ಹೆಣ್ಣಿಗೆ ವರದಿಯಲ್ಲಿ ಹೆಸರೂ ಇಲ್ಲ.

ಎರಡು ವರ್ಷ ಆಗಲಿಲ್ಲ. ಕ್ರಿ.ಪೂ. ೬೬೯ರಲ್ಲಿ ಎಸರ್‌ಹದ್ದೋನ್ ಈಜಿಪ್ಟಿಗೆ ದಂಡು ಹೊರಟವನು ದಾರಿಯಲ್ಲಿ ಕಾಯಿಲೆ ಬಿದ್ದು ಸತ್ತ.

ಗ್ರಹಣ ಯಾವಾಗ ಬರಬಹುದು ಅಂತ ಆ ಪಂಡಿತರಿಗೆ ಮುಂಚೆಯೇ ಅಂದಾಜಿತ್ತು. ಅರಸನಿಗೆ ಅವರು ಬರೆದ ಕಾಗದಗಳಲ್ಲಿ ಆ ಮುನ್ಸೂಚನೆಗಳಿವೆ. ಮೆಸೊಪೊಟೇಮಿಯಾದವರು ತಲೆಮಾರುಗಟ್ಟಲೆ ಬರೆದಿಟ್ಟ ಗ್ರಹಣದ ದಾಖಲೆಗಳೇ ಮುಂದೆ ಖಗೋಳವಿಜ್ಞಾನಕ್ಕೆ ತಳಪಾಯವಾದವು. ಆದರೂ ಬದಲಿ ಸಾಯುವುದು ತಪ್ಪಲಿಲ್ಲ. ಲೆಕ್ಕ ಗೊತ್ತಾದರೆ ಭಯ ಹೋಗುತ್ತದೆ, ವಿಜ್ಞಾನ ಬಂದರೆ ಅನ್ಯಾಯ ತಾನಾಗಿ ಹೋಗುತ್ತದೆ ಅಂತ ನಮ್ಮ ಮೇಷ್ಟ್ರುಗಳು ಹೇಳಿಕೊಟ್ಟಿದ್ದರು. ನಾವೂ ನಂಬಿದ್ದೆವು. ನಿನೆವೆಯ ಮಣ್ಣು ಬೇರೆ ಹೇಳುತ್ತದೆ. ಜ್ಞಾನ ಅರಮನೆಯ ಕಪಾಟಿನಲ್ಲಿ ಇರುವಷ್ಟು ಕಾಲ ಅದು ಅರಸನ ಜೀವ ಕಾಯುತ್ತದೆ, ಬದಲಿಯ ಜೀವ ಕೇಳುತ್ತದೆ.

ಶಾಲೆಯಲ್ಲಿ ಪಾಠ ಮಾಡುವ ಗೆಳೆಯರೇ, ‘ಜಗತ್ತಿನ ಪ್ರಾಚೀನ ಗ್ರಂಥಭಂಡಾರ’ ಎಂದು ಒಂದು ಸಾಲು ಬರೆಸಿ ಮುಂದೆ ಹೋಗಬೇಡಿ. ಅದು ದೊಡ್ಡದು, ಮನುಷ್ಯರ ಬುದ್ಧಿಯ ಸಂಪತ್ತು, ಹೌದು. ೨೦೧೪ರಿಂದ ೨೦೧೭ರವರೆಗೆ ಮೋಸುಲನ್ನು ಹಿಡಿದಿದ್ದ ಇಸ್ಲಾಮಿಕ್ ಸ್ಟೇಟಿನವರು ನಿನೆವೆಯ ಉಳಿಕೆಗಳನ್ನು ಒಡೆದಾಗ ನಮಗೂ ಸಂಕಟವಾಯಿತು. ಆ ಸಾಲು ಬರೆಸಿ. ಅದರ ಕೆಳಗೆ ಇನ್ನೂ ನಾಲ್ಕು ಸಾಲು ಬರೆಸಿ: ಬೇಡಿ ಹಾಕಿಕೊಂಡು ಕೆತ್ತಿದ ನಿನುರ್ತ-ಗಿಮಿಲ್ಲಿಯದ್ದು ಒಂದು, ೧೦೦ ದಿನ ಮೈನಡುಕ ಬಚ್ಚಿಟ್ಟುಕೊಂಡ ಆಳಿನದ್ದು ಒಂದು, ಹರ್ರಾನಿನ ಹುಡುಗಿಯದ್ದು ಒಂದು, ದಮ್‌ಕಿಯ ಜೊತೆ ಗೋರಿಗೆ ಇಳಿದವಳದ್ದು ಒಂದು. ಮಕ್ಕಳು ಕೇಳುತ್ತಾರೆ, ಇವರ ಹೆಸರೇನು ಸಾರ್ ಅಂತ. ಕೇಳಲಿ.